ಮೂವತ್ತು ಕಿಲೋ ಹೆಚ್ಚು

ಗುರ್ರ್ ಎಂಬ ಸಣ್ಣ ಸದ್ದು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಇದ್ದು ನಿಂತಿತು.

ವರ್ನಾ ಕತ್ತಲಲ್ಲಿ ಕಣ್ಣು ಬಿಟ್ಟಳು. ಹನ್ನೊಂದೂ ಮುಕ್ಕಾಲು. ಸದ್ದು ಬಂದದ್ದು ಕಿಟಕಿಯ ಆಚೆ, ಮನೆಗೆ ಒತ್ತಿ ನಿಲ್ಲಿಸಿದ್ದ ಟ್ರೇಲರಿನಿಂದ. ಪಿಕಪ್ಪಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಎಂಟು ಮೀಟರ್ ಉದ್ದದ ಮನೆ ಅದು. ಒಲೆ, ಸಿಂಕು, ಸ್ನಾನದ ಗೂಡು, ಮುಂದೆ ಅವರಿಬ್ಬರ ಮಂಚ, ತೀರ ಹಿಂದೆ ಪರದೆಯ ಮರೆಯಲ್ಲಿ ಒಬ್ಬರು ಮಲಗುವಷ್ಟು ಹಾಸಿಗೆ. ನೀರಿನ ಟ್ಯಾಂಕಿಗೆ ಒಂದು ಪುಟ್ಟ ಪಂಪು; ನಲ್ಲಿ ತಿರುಗಿಸಿದರೆ ಮಾತ್ರ ಓಡುತ್ತಿತ್ತು.

"ಒರೆಸ್ಟ್, ಏಳು. ಟ್ರೇಲರಲ್ಲಿ ಪಂಪ್ ಓಡ್ತು."

ಗಂಡ ಮಗ್ಗುಲು ಬದಲಿಸಿದ. "ಕನಸು ಬಿದ್ದಿರ್ಬೇಕು ನಿಂಗೆ."

"ನಾನಿನ್ನೂ ನಿದ್ದೆನೇ ಮಾಡಿಲ್ಲ, ಕನಸೆಲ್ಲಿಂದ ಬೀಳುತ್ತೆ?"

"ಹಾಗಾದ್ರೆ ಎಲ್ಲೋ ಸೋರ್ತಿದೆ. ಬೆಳಿಗ್ಗೆ ನೋಡ್ತೀನಿ. ಮಲಕ್ಕೋ."

ಬೆಳಿಗ್ಗೆ ಒರೆಸ್ಟ್ ಟಾರ್ಚು ಹಿಡಿದು ಸಿಂಕಿನ ಕೆಳಗೆ ಹೊಟ್ಟೆ ಮೇಲೆ ಮಲಗಿ ಹುಡುಕಿದ. ಎಲ್ಲೂ ಒಂದು ತೊಟ್ಟು ನೀರಿರಲಿಲ್ಲ. ಅಡುಗೆಮನೆಗೆ ಬಂದಾಗ ಅವನ ಅಂಗಿಯ ಮುಂಭಾಗವೆಲ್ಲ ಧೂಳಾಗಿತ್ತು. ಮಗಳು ಲಾರಿಸಾ ಆಗಷ್ಟೇ ವೃದ್ಧಾಶ್ರಮದ ರಾತ್ರಿ ಪಾಳಿ ಮುಗಿಸಿ ಬಂದು, ಸಮವಸ್ತ್ರ ಕೂಡ ಬದಲಿಸದೆ, ನಿನ್ನೆಯ ಪೆರೋಗಿ ಕಡುಬುಗಳನ್ನು ಬಾಣಲೆಯಿಂದಲೇ ತಿನ್ನುತ್ತಿದ್ದಳು. ಎರಡು ವರ್ಷದ ಹಿಂದೆ ಗಂಡನನ್ನು ಬಿಟ್ಟು ಮಗಳೊಂದಿಗೆ ತವರಿಗೆ ಬಂದವಳು. ಅವಳ ರಾತ್ರಿಯ ಊಟ ಉಳಿದವರ ಬೆಳಗಿನ ತಿಂಡಿಯ ಹೊತ್ತಿಗೆ. ಒಂಬತ್ತು ವರ್ಷದ ಟೆಸ್ಸಾ ಮೇಜಿನ ತುದಿಯಲ್ಲಿ ಓಟ್ಸ್ ಗಂಜಿಯನ್ನು ಚಮಚದಿಂದ ಕಲಸುತ್ತ ಕೂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನಿದ್ದೆ ಬರ್ಲಿಲ್ವೇನೇ?" ಎಂದು ವರ್ನಾ ಕೇಳಿದಳು.

"ಬಂತು," ಎಂದಳು ಹುಡುಗಿ.

ಒರೆಸ್ಟ್ ಕಾಫಿ ಬಗ್ಗಿಸಿಕೊಂಡು, ನಿಂತುಕೊಂಡೇ ಹೇಳಿದ. "ಅರಿಜೋನಾದಿಂದ ಫೋನ್ ಬಂದಿತ್ತು. ಟ್ರೇಲರ್ ಪಾರ್ಕಿನವ್ರು. ಇಡೀ ಚಳಿಗಾಲ ಅಲ್ಲಿ ಬಿಸಿಲಲ್ಲಿ ಕಳೆಯೋಕೆ ಜಾಗ ಬೇಕಾದ್ರೆ ಈ ತಿಂಗಳ ಕೊನೇ ಒಳಗೆ ಹೇಳ್ಬೇಕಂತೆ. ಅಕ್ಟೋಬರ್ ನಡುವಿಂದ ಏಪ್ರಿಲ್‌ವರೆಗೆ."

ವರ್ನಾ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿದಳು. "ಆರು ವಾರ ಅಂತ ಮಾತಾಗಿತ್ತು. ಜನವರಿ ಹತ್ತಕ್ಕೆ ಹೊರಡೋದು, ಫೆಬ್ರವರಿ ಕೊನೇಗೆ ವಾಪಸ್ಸು. ಟ್ರೇಲರ್ ತಗೊಂಡ ದಿನ ಇದೇ ಮೇಜಿನ ಮೇಲೆ ಕೈಯಿಟ್ಟು ಹೇಳಿದ್ದೆ ನೀನು."

"ಆಗ ಹೇಳಿದ್ದೆ. ಈಗ ಇನ್ನೊಂದು ಹೇಳ್ತಿದೀನಿ."

"ಆರು ತಿಂಗಳಾ?" ಲಾರಿಸಾ ಬಾಣಲೆಯಿಂದ ತಲೆ ಎತ್ತಿದಳು. "ಅಪ್ಪ, ನಾನು ರಾತ್ರಿ ಹತ್ತಕ್ಕೆ ಹೋದ್ರೆ ಬರೋದು ಏಳೂವರೆಗೆ. ಇವಳ ಜತೆ ಯಾರಿರ್ತಾರೆ? ಹಿಮ ಬಿದ್ರೆ ಬಾಗಿಲ ಮುಂದೆ ಸಲಿಕೆ ಹಿಡಿಯೋರು ಯಾರು?"

"ಹಗಲು ಪಾಳಿ ಕೇಳು."

"ಕೇಳಿ ಕೇಳಿ ಬಾಯಿ ಒಣಗಿದೆ. ಜನವರಿಲಿ ಒಂದು ಆರು ವಾರ ಮಾತ್ರ ಕೊಡ್ತೀವಿ ಅಂದಿದಾರೆ. ಆರು ವಾರ, ಅಪ್ಪ. ಅದಕ್ಕೇ ನಾನು ಆಗ ಒಪ್ಪಿದ್ದು."

"ಮೂವತ್ತೊಂದು ವರ್ಷ," ಎಂದ ಒರೆಸ್ಟ್. ಅವನು ಆ ಮಾತನ್ನು ಶುರು ಮಾಡಿದರೆ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕುವಂತಿರಲಿಲ್ಲ. "ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸ್ದೆ. ಅದೇ ರಸ್ತೆ, ಅದೇ ಗೇಟು, ಅದೇ ನಾಯಿ. ಎಂಟೂ ನಲ್ವತ್ತಕ್ಕೆ ಶಾಲೆ ಮುಂದೆ ನಿಲ್ಸು, ತಿರುಗ್ಸು, ಮನೆಗೆ ಬಾ. ಹಿಂದಕ್ಕೆ ತಿರುಗಿಸ್ದೆ ಹೋಗೋ ರಸ್ತೆ ಒಂದಾದ್ರೂ ನೋಡಿ ಸಾಯ್ಬೇಕು ಅಂತಿದೀನಿ. ಅದೂ ಜಾಸ್ತಿ ಆಯ್ತಾ ನಿಮ್ಗೆ?"

"ನೀನು ಆರು ತಿಂಗಳು ಹೋಗೋದಾದ್ರೆ ಹೋಗು," ಎಂದು ಲಾರಿಸಾ ಎದ್ದಳು. "ಇವಳನ್ನ ರೆಡ್ ಡೀರ್‌ಗೆ, ಅವರಪ್ಪನ ಹತ್ರ ಬಿಡ್ತೀನಿ. ನಂಗೆ ಬೇರೆ ದಾರಿ ಇಲ್ಲ."

ಟೆಸ್ಸಾಳ ಚಮಚ ಬಟ್ಟಲಿನಲ್ಲಿ ನಿಂತಿತು. ವರ್ನಾ ಅವಳ ತಲೆಯ ಮೇಲೆ ಕೈಯಿಟ್ಟು, "ಬಸ್ ಬರೋ ಹೊತ್ತಾಯ್ತು, ಬೂಟ್ ಹಾಕ್ಕೋ" ಎಂದಳು. ಹುಡುಗಿ ಹೋದ ಮೇಲೆ ಮಗಳ ಕಡೆ ತಿರುಗಿದಳು. "ಮಗು ಮುಂದೆ ಆಡೋ ಮಾತಾ ಇದು?"

"ಮಗು ಹಿಂದೆ ಆಡೋಕೆ ಈ ಮನೇಲಿ ಜಾಗ ಎಲ್ಲಿದೆಯಮ್ಮ?"

ಮುಂದಿನ ವಾರವೆಲ್ಲ ಹೊಲಗಳಲ್ಲಿ ಕೊಯ್ಲಿನ ಯಂತ್ರಗಳು ರಾತ್ರಿ ಹನ್ನೆರಡರವರೆಗೆ ದೀಪ ಹಚ್ಚಿಕೊಂಡು ಓಡಾಡಿದವು. ಗಾಳಿಯಲ್ಲಿ ಗೋಧಿಯ ಹೊಟ್ಟು ತುಂಬಿತ್ತು. ಒಗೆದ ಬಟ್ಟೆಯನ್ನು ಹೊರಗೆ ಹಾಕುವಂತಿರಲಿಲ್ಲ. ಪಂಪಿನ ಸದ್ದು ಎರಡು ಮೂರು ರಾತ್ರಿಗೊಮ್ಮೆ ಕೇಳುತ್ತಲೇ ಇತ್ತು. ವರ್ನಾ ಎಬ್ಬಿಸುವುದನ್ನು ಬಿಟ್ಟಳು. ಒರೆಸ್ಟ್ ಪೈಪಿನ ಒಂದೊಂದು ಜೋಡಣೆಯನ್ನೂ ಬಿಚ್ಚಿ ಮತ್ತೆ ಬಿಗಿದ.

ಹಗಲು ಹೊತ್ತು ಅವನು ಹೆಂಡತಿಯನ್ನು ಅಂಗಳದಲ್ಲಿ ನಿಲ್ಲಿಸಿ, ಅವಳಿಂದ ಕೈಸನ್ನೆ ಮಾಡಿಸಿಕೊಂಡು ಟ್ರೇಲರನ್ನು ಹಿಂದಕ್ಕೆ ತರುವ ಅಭ್ಯಾಸ ಮಾಡುತ್ತಿದ್ದ.

"ಎಡಗೈ ಎತ್ತಿದ್ರೆ ಎಡಕ್ಕೆ. ಎರಡೂ ಎತ್ತಿದ್ರೆ ನಿಲ್ಲು. ನನ್ನ ಕನ್ನಡಿ ನಿಂಗೆ ಕಾಣ್ದೆ ಇದ್ರೆ ನೀನೂ ನಂಗೆ ಕಾಣಲ್ಲ, ನೆನಪಿರ್ಲಿ."

"ಯಾರ ಎಡ? ನಿಂದಾ ನಂದಾ?"

"ದೇವ್ರೇ! ನಲ್ವತ್ತೆರಡು ವರ್ಷ ಆಯ್ತು ಮದುವೆಯಾಗಿ."

"ಆ ನಲ್ವತ್ತೆರಡು ವರ್ಷದಲ್ಲಿ ಒಂದು ದಿನಾನೂ ನೀನು ನಾನು ತೋರ್ಸಿದ ಕಡೆ ತಿರುಗ್ಸಿಲ್ಲ."

ಅವನು ನಕ್ಕ. ಆ ವಾರದಲ್ಲಿ ಅದೊಂದೇ ನಗು.

ಪ್ರಯಾಣಕ್ಕೆ ಮುಂಚೆ ನೋಡಬೇಕಾದ್ದನ್ನೆಲ್ಲ ಒರೆಸ್ಟ್ ಒಂದು ಪಟ್ಟಿ ಮಾಡಿ, ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ಟ್ರೇಲರಿನ ಬಾಗಿಲ ಒಳಗೆ ನೇತುಹಾಕಿದ್ದ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಮೇಣದ ಪೆನ್ಸಿಲ್ಲು. ಹೊರಗಿನ ಹನ್ನೊಂದು ಅವನವು: ಕೊಂಡಿ, ಸರಪಳಿ, ಬ್ರೇಕಿನ ತಂತಿ, ದೀಪ, ಚಕ್ರ. ಒಳಗಿನ ಆರು ಅವಳವು: ಗ್ಯಾಸು, ಕಿಟಕಿ, ಕಪಾಟುಗಳ ಚಿಲಕ. ಆರನೆಯದು ಬಸ್ಸಿನಿಂದ ಬಂದದ್ದು. ಮೂವತ್ತೊಂದು ವರ್ಷ, ದಿನಕ್ಕೆ ಎರಡು ಸಲ, ಮಕ್ಕಳೆಲ್ಲ ಇಳಿದ ಮೇಲೆ ಒರೆಸ್ಟ್ ಎಂಜಿನ್ ಆರಿಸಿ, ಕೊನೆಯ ಸೀಟಿನವರೆಗೆ ನಡೆದು, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿ, ಹಿಂದಿನ ಕಿಟಕಿಗೆ 'ಖಾಲಿ' ಎಂಬ ಹಲಗೆ ತೂಗುಹಾಕಿ ಬರುತ್ತಿದ್ದ. ನಿದ್ದೆ ಹೋದ ಮಗುವನ್ನು ಬಸ್ಸಿನಲ್ಲಿ ಬಿಟ್ಟುಬಂದ ಚಾಲಕರ ಕಥೆಗಳು ಆ ಕೆಲಸದವರಿಗೆಲ್ಲ ಗೊತ್ತು. ಅವನ ಹೆಸರಿನಲ್ಲಿ ಅಂಥದೊಂದೂ ಇರಲಿಲ್ಲ. ಪಟ್ಟಿಯ ಕೊನೆಯಲ್ಲಿ ಅವನು ಬರೆದಿದ್ದ: ಕೊನೆಯವರೆಗೆ ನಡೆ, ನೋಡು.

"ಇದ್ಯಾಕೆ? ಟ್ರೇಲರಲ್ಲಿ ಯಾವ ಮಗು ಇರುತ್ತೆ?" ಎಂದು ವರ್ನಾ ಕೇಳಿದ್ದಳು.

"ಚಕ್ರ ಇರೋದೇನೇ ಆಗ್ಲಿ, ಕೊನೆಯವರೆಗೆ ನಡೀಬೇಕು. ಗೇಲಿ ಮಾಡ್ಬೇಡ."

ಮೂರನೆಯ ವಾರದ ಶನಿವಾರ ಅವರು ಟ್ರೇಲರನ್ನು ಹದಿನಾಲ್ಕು ಕಿಲೋಮೀಟರ್ ಆಚೆಯ ಧಾನ್ಯದ ಗೋದಾಮಿಗೆ ಎಳೆದುಕೊಂಡು ಹೋದರು. ಸುಗ್ಗಿಯ ಲಾರಿಗಳನ್ನು ತೂಗುವ ವೇಬ್ರಿಜ್ಜಿನ ಮೇಲೆ, ಲಾರಿ ಇಲ್ಲದ ಹೊತ್ತಿನಲ್ಲಿ, ಊರಿನವರ ಟ್ರೇಲರನ್ನೂ ತೂಗಿಕೊಡುತ್ತಿದ್ದರು. ಪಿಕಪ್ಪಿನಿಂದ ಬಿಡಿಸಿ ತೂಗಿದಾಗ ಮೂರು ಸಾವಿರದ ನೂರ ನಲವತ್ತು ಕಿಲೋ ಬಂತು. ಒರೆಸ್ಟ್ ಗಲ್ಲ ಕೆರೆದುಕೊಂಡ. "ಜಾಸ್ತಿ ಆಯ್ತು. ನನ್ನ ಉಪಕರಣದ ಪೆಟ್ಟಿಗೆ ಇಳಿಸ್ತೀನಿ, ಇಪ್ಪತ್ತು ಕಿಲೋ. ನೀನೂ ಉಪ್ಪಿನಕಾಯಿ ಬಾಟ್ಲಿ ತುಂಬಬೇಡ. ಮುಂದಿನ ಶನಿವಾರ ಮತ್ತೆ ತೂಗ್ಸೋಣ."

ಆ ವಾರ ಮನೆಯಲ್ಲಿ ಮಾತು ಮಾತಿಗೂ ಕಿಡಿ. ಗುರುವಾರ ಎಲೆಕೋಸಿನ ಸುರುಳಿ ಬಡಿಸುವಾಗ ಟೆಸ್ಸಾ ಕೇಳಿದಳು: "ಅಜ್ಜ, ನೀವು ಹೋಗೋದು ಬೆಳಿಗ್ಗೆನಾ, ರಾತ್ರಿನಾ?"

"ಬೆಳಕು ಹರಿಯೋಕೆ ಮುಂಚೆ. ರಸ್ತೆ ಖಾಲಿ ಇರುತ್ತೆ."

"ನಾನೆದ್ದಿರ್ತೀನಾ ಆವಾಗ?"

"ಎಬ್ಬಿಸ್ದೆ ಹೋಗ್ತೀವೇನೇ?" ಎಂದಳು ವರ್ನಾ.

ಹುಡುಗಿ ಅಜ್ಜನ ಮುಖ ನೋಡಿದಳು. ಅವನು ಬಾಯಿ ತುಂಬ ಅಗಿಯುತ್ತಿದ್ದ.

ಶನಿವಾರ ಬೆಳಿಗ್ಗೆ ಏಳೂವರೆಗೆ ಲಾರಿಸಾ ಬಂದವಳೇ ಚೀಲ ನೆಲಕ್ಕೆ ಹಾಕಿದಳು. "ರೆಡ್ ಡೀರ್‌ಗೆ ಫೋನ್ ಮಾಡ್ದೆ. ಅವನಿಗೆ ಪರವಾಗಿಲ್ವಂತೆ. ಅಕ್ಟೋಬರ್ ಮೊದಲ ವಾರ ಕಳ್ಸು ಅಂದ."

"ಇನ್ನೂ ಏನೂ ತೀರ್ಮಾನ ಆಗಿಲ್ಲ," ಎಂದಳು ವರ್ನಾ.

"ಆಗಿದೆ," ಎಂದ ಒರೆಸ್ಟ್. "ಸೋಮವಾರ ಫೋನ್ ಮಾಡಿ ಜಾಗ ಹಿಡೀತೀನಿ. ಆರು ತಿಂಗಳಿಗೆ."

"ನನ್ನ ಕೇಳ್ದೆ?"

"ಮೂರು ವಾರದಿಂದ ಕೇಳ್ತಾನೇ ಇದೀನಿ. ನಿಂಗೆ ಹೋಗೋಕೇ ಇಷ್ಟ ಇಲ್ಲ, ಅದನ್ನ ಬಾಯ್ಬಿಟ್ಟು ಹೇಳು. ಮೊಮ್ಮಗಳ ಹೆಸ್ರು ಹೇಳ್ಬೇಡ."

"ಮೆಲ್ಲಗೆ. ಮಗು ಮಲಗಿದಾಳೆ," ಎಂದು ಲಾರಿಸಾ, ಟೆಸ್ಸಾಳ ಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿ, ತಾನೂ ಹೋಗಿ ಮಲಗಿದಳು.

ವರ್ನಾ ಹೊಸ ಕಾಫಿ ಡಬ್ಬ ಹಿಡಿದುಕೊಂಡು ಹೊರಗೆ ಬಂದಳು. ಒರೆಸ್ಟ್ ಕೊಂಡಿ ಸಿಕ್ಕಿಸಿ, "ಒಳಗಿಂದು ಮುಗಿಸು, ಲಾರಿಗಳು ಬರೋಕೆ ಮುಂಚೆ ಹೋಗ್ಬೇಕು" ಎಂದ. ಅವಳು ಟ್ರೇಲರಿನ ಬಾಗಿಲು ತೆಗೆದು, ಎರಡನೆಯ ಮೆಟ್ಟಿಲ ಮೇಲೆ ನಿಂತೇ ಕೈಯಲ್ಲಿದ್ದ ಕಾಫಿ ಡಬ್ಬವನ್ನು ಒಲೆಯ ಕಟ್ಟೆಯ ಮೇಲಿಟ್ಟಳು. ಮಂಡಿ ನೋಯುತ್ತಿತ್ತು. ಹಿಂದಿನ ಪರದೆ ಎಳೆದಿತ್ತು. ಆರು ಸಾಲಿಗೂ ಒಂದೇ ಉಸಿರಿಗೆ ಆರು ಗುರುತು ಹಾಕಿ ಬಾಗಿಲು ಮುಚ್ಚಿದಳು.

ಜಲ್ಲಿ ರಸ್ತೆಯಲ್ಲಿ ಟ್ರೇಲರು ಹಿಂದೆ ಕುಲುಕಿಕೊಂಡು ಬರುತ್ತಿತ್ತು. ಗೋದಾಮಿನಲ್ಲಿ ಟ್ರೇಲರನ್ನು ವೇಬ್ರಿಜ್ಜಿನ ಮೇಲೆ ಬಿಡಿಸಿ ಒರೆಸ್ಟ್ ಕಚೇರಿಯ ಕಿಟಕಿಯ ಹತ್ತಿರ ಹೋದ. ಒಂದು ನಿಮಿಷಕ್ಕೆ ಅವನ ಕೂಗು ಕೇಳಿತು.

"ಮೂರು ಸಾವಿರದ ನೂರ ಐವತ್ತು! ಪೆಟ್ಟಿಗೆ ಇಳಿಸಿದೀನಿ, ನೂರ ಇಪ್ಪತ್ತು ಬರ್ಬೇಕಿತ್ತು. ಮೂವತ್ತು ಕಿಲೋ ಹೆಚ್ಚು. ಏನ್ ತುಂಬಿದೀಯ ನೀನು?"

"ಒಂದು ಕಾಫಿ ಡಬ್ಬ."

"ಕಾಫಿ ಡಬ್ಬ ಮೂವತ್ತು ಕಿಲೋನಾ? ಬೀಟ್ರೂಟ್ ಉಪ್ಪಿನಕಾಯಿ ಬಚ್ಚಿಟ್ಟಿದೀಯ, ನಂಗೊತ್ತು."

"ಇರು. ತೋರಿಸ್ತೀನಿ ಬಾ ಎಲ್ಲಿದೆ ಅಂತ," ಎಂದು ವರ್ನಾ ದಡದಡ ಹೋಗಿ ಬಾಗಿಲು ತೆಗೆದಳು. ಕಾಫಿ ಡಬ್ಬ ಕಟ್ಟೆಯ ಮೇಲಿರಲಿಲ್ಲ. ಉರುಳಿ ಬಿದ್ದು, ನೆಲದ ಉದ್ದಕ್ಕೂ ಹೋಗಿ, ಪರದೆಯ ಕೆಳಗೆ ನಿಂತಿತ್ತು. ಅದನ್ನೆತ್ತಲು ಬಗ್ಗಿದವಳಿಗೆ ಪರದೆಯ ಆಚೆ ಒಂದು ಬರಿಗಾಲು ಕಂಡಿತು.

ಟೆಸ್ಸಾ ಹೊದಿಕೆಯೊಳಗೆ ಮುದುರಿ ಮಲಗಿದ್ದಳು. ಪಕ್ಕದಲ್ಲಿ ಅರ್ಧ ನೀರಿನ ಲೋಟ ಮಗುಚಿ ಹಾಸಿಗೆ ಒದ್ದೆಯಾಗಿತ್ತು. ವರ್ನಾ ಅವಳ ಎದೆಯ ಮೇಲೆ ಕೈಯಿಟ್ಟಳು. ಉಸಿರು ಬೆಚ್ಚಗೆ ಏರಿಳಿಯುತ್ತಿತ್ತು. ಆಗ ವರ್ನಾ ಹಾಸಿಗೆಯ ಅಂಚಿಗೆ ಕೂತಳು. ಎಳೆದುಕೊಂಡು ಹೋಗುವ ಟ್ರೇಲರಿನಲ್ಲಿ ಯಾರೂ ಇರಕೂಡದು. ಕೊಂಡಿ ಕಳಚಿದರೆ, ತಿರುವಿನಲ್ಲಿ ಮಗುಚಿದರೆ, ಮೊದಲು ಪುಡಿಯಾಗುವುದು ಅದರ ಗೋಡೆಗಳು. ಬೇಸಿಗೆಯಲ್ಲಿ ಒರೆಸ್ಟನೇ ಅದನ್ನು ಹತ್ತು ಸಲ ಹೇಳಿದ್ದ.

"ಎಷ್ಟು ದಿನದಿಂದ ಇಲ್ಲಿ ಮಲಗ್ತಿದೀಯ?"

ಹುಡುಗಿ ಕಣ್ಣುಜ್ಜಿದಳು. "ಅಮ್ಮ ಕೆಲ್ಸಕ್ಕೆ ಹೋದ್ಮೇಲೆ. ದಿನಾ ಅಲ್ಲ. ಬೆಳಗಾಗೋಕೆ ಮುಂಚೆ ವಾಪಸ್ ಹೋಗ್ತೀನಿ. ಇವತ್ತು ಎಚ್ಚರ ಆಗ್ಲಿಲ್ಲ."

"ಯಾಕೆ, ಪುಟ್ಟಾ?"

"ಇಲ್ಲಿ ಮಲಗಿದ್ರೆ ನೀವು ಹೊರಡೋವಾಗ ನಂಗೊತ್ತಾಗುತ್ತಲ್ಲ."

ಒರೆಸ್ಟನ ಬೂಟಿನ ಸದ್ದು ಮೆಟ್ಟಿಲ ಹತ್ತಿರ ಬಂತು. ವರ್ನಾ ಕಾಫಿ ಡಬ್ಬವನ್ನು ಕಪಾಟಿಗೆ ತಳ್ಳಿ ಚಿಲಕ ಹಾಕಿದಳು. ಕಟ್ಟೆಯ ಮೇಲೆ ಹಾಗೇ ಬಿಟ್ಟದ್ದು ಅವನಿಗೆ ಕಾಣಬಾರದೆಂದು ಕೈ ತಾನಾಗಿ ಮಾಡಿತು ಅದನ್ನು.

ಅವನು ಬಾಗಿಲಲ್ಲೇ ನಿಂತ. ಮೊಮ್ಮಗಳನ್ನು ನೋಡಿದ, ಕೈಯಲ್ಲಿದ್ದ ತೂಕದ ಚೀಟಿ ನೋಡಿದ. ಟೊಪ್ಪಿ ತೆಗೆದು ಮೆಟ್ಟಿಲ ಮೇಲೆ ಕೂತ. ಹಿಂದಿನ ಧಾನ್ಯದ ಲಾರಿಯವನು ಹಾರ್ನ್ ಹೊಡೆದ, ಒರೆಸ್ಟ್ ಏಳಲಿಲ್ಲ.

"ನೀನು ನೋಡಿದ್ಮೇಲೆ ನುಸುಳಿದಾಳೆ," ಎಂದ ಕೊನೆಗೆ. "ನಾನು ಆ ಕಡೆ ಸರಪಳಿ ಹಾಕ್ತಿದ್ದೆ. ಹೊರಡೋಕೆ ಮುಂಚೆ ಇನ್ನೊಂದ್ಸಲ ನಾನೇ ಹತ್ತಿ ನೋಡ್ಬೇಕಿತ್ತು. ಓಡ್ಸೋನು ನೋಡ್ಬೇಕು. ಬೇರೆಯವ್ರಿಗೆ ಬಿಡಬಾರ್ದು."

"ಒರೆಸ್ಟ್..."

"ಬೇಡ. ಏನೂ ಹೇಳ್ಬೇಡ."

ಟೆಸ್ಸಾಳನ್ನು ಪಿಕಪ್ಪಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬಂದರು. ಒರೆಸ್ಟ್ ಇಡೀ ದಾರಿ ನಲವತ್ತರ ವೇಗ ಮೀರಲಿಲ್ಲ.

ಮಗಳಿಗೆ ಹೇಳದಿದ್ದರೆ ಆಗುತ್ತಿತ್ತು. ಆದರೆ ಅವನು ಸಂಜೆ ಬೀಟ್ರೂಟ್ ಸಾರಿನ ಮುಂದೆ ಕೂತು, ಒಂದು ಚಮಚವನ್ನೂ ಬಾಯಿಗಿಡದೆ, ತಾನೇ ಎಲ್ಲ ಹೇಳಿದ. ಲಾರಿಸಾಳ ಕುರ್ಚಿ ಹಿಂದಕ್ಕೆ ಬಿತ್ತು.

"ಹದಿನಾಲ್ಕು ಕಿಲೋಮೀಟರಾ? ಮೂವತ್ತೊಂದು ವರ್ಷ ಮೂವತ್ತೊಂದು ವರ್ಷ ಅಂತ ತಲೆ ತಿಂತಿದ್ದೆಯಲ್ಲ! ಊರಿನ ಮಕ್ಕಳನ್ನೆಲ್ಲ ಎಣಿಸಿ ಇಳಿಸ್ದೆ, ನನ್ನ ಮಗೂನ ಸಾಮಾನಿನ ಥರ ಎಳ್ಕೊಂಡು ಹೋದ್ಯಾ?"

"ಹೌದು," ಎಂದ ಒರೆಸ್ಟ್.

"ಕೂಗಾಡ್ಬೇಡಮ್ಮ," ಎಂದಳು ಟೆಸ್ಸಾ ಸಣ್ಣ ದನಿಯಲ್ಲಿ. "ನಾನೇ ಹೋಗಿದ್ದು."

"ನೀನು ಬಾಯ್ಮುಚ್ಚು. ಅಮ್ಮ, ಒಳಗೆ ನೋಡೋದು ನಿನ್ನ ಕೆಲ್ಸ ಅಲ್ವಾ? ಪಟ್ಟೀಲಿ ಹಾಗಿದೆಯಲ್ಲ?"

ವರ್ನಾ ಬಾಯಿ ತೆರೆದಳು. ಒರೆಸ್ಟ್ ಮೇಜಿನ ಮೇಲೆ ಅಂಗೈ ಇಟ್ಟು, "ಅವಳು ನೋಡಿದಾಳೆ" ಎಂದ. "ಗುರುತು ಹಾಕಿದಾಳೆ. ನಿಮ್ಮಮ್ಮ ನೋಡ್ದೆ ಗುರುತು ಹಾಕೋಳಲ್ಲ. ತಪ್ಪು ನಂದು. ಅಲ್ಲಿಗೆ ಬಿಡು."

ವರ್ನಾ ಎದ್ದು ಎಲ್ಲರ ಬಟ್ಟಲಿಗೂ ಇನ್ನೊಂದು ಸೌಟು ಸಾರು ಬಡಿಸಿದಳು. ಯಾರೂ ಕೇಳಿರಲಿಲ್ಲ.

ಅಂದು ಲಾರಿಸಾಗೆ ರಜೆ. ಆದರೂ ಟೆಸ್ಸಾಳನ್ನು ಮಲಗಿಸಲು ವರ್ನಾಳೇ ಹೋದಳು. ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

"ಅಜ್ಜಿ, ನೀನು ಬಾಗ್ಲು ತೆಗೆದಾಗ ನಂಗೆ ಸ್ವಲ್ಪ ಎಚ್ಚರ ಆಗಿತ್ತು."

ವರ್ನಾ ಹೊದಿಕೆಯ ಅಂಚನ್ನು ಹಿಡಿದೇ ನಿಂತಳು.

"ನೀನು ಒಳಗೆ ಬಂದು ಬೈತೀಯ ಅಂತ ಕಾಯ್ತಿದ್ದೆ. ಬರ್ಲೇ ಇಲ್ಲ. ಆಮೇಲೆ ಗಾಡಿ ತೂಗಿ ತೂಗಿ ಮತ್ತೆ ನಿದ್ದೆ ಬಂತು."

"ನಿದ್ದೆಗಣ್ಣಲ್ಲಿ ಏನೇನೋ ಅನ್ಸುತ್ತೆ, ಪುಟ್ಟಾ," ಎಂದಳು ವರ್ನಾ. "ನಾನು ಬಂದಿದ್ದೆ. ಮಲಕ್ಕೋ."

ಹುಡುಗಿ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು. "ಹ್ಞೂಂ," ಎಂದಳು.

ಸೋಮವಾರ ಬೆಳಿಗ್ಗೆ ಅಂಗಳದ ಹುಲ್ಲೆಲ್ಲ ಆ ವರ್ಷ ಮೊದಲ ಸಲ ಹೆಪ್ಪುಗಟ್ಟಿದ ಇಬ್ಬನಿಯಿಂದ ಬೆಳ್ಳಗಿತ್ತು. ಒರೆಸ್ಟ್ ಟ್ರೇಲರಿನ ಟ್ಯಾಂಕಿನ ನೀರೆಲ್ಲ ಹೊರಗೆ ಬಿಟ್ಟು ಬಂದು, ಕೈ ಒರೆಸಿಕೊಂಡು ಫೋನು ಹಿಡಿದ. ವರ್ನಾ ಸಿಂಕಿನ ಹತ್ತಿರ ಬೆನ್ನು ಮಾಡಿ ನಿಂತು ಆಲೂಗೆಡ್ಡೆ ಹೆರೆಯುತ್ತಿದ್ದಳು.

"ಜನವರಿ ಹದಿನೈದರಿಂದ," ಎನ್ನುತ್ತಿದ್ದ ಅವನು. "ಇಲ್ಲ, ಇಡೀ ಚಳಿಗಾಲಕ್ಕೆ ಬೇಡ. ಆರು ವಾರ ಸಾಕು... ಗೊತ್ತು, ಹಿಂದಿನ ಸಾಲಲ್ಲಿ ಜಾಗ ಸಿಕ್ರೂ ಆಗುತ್ತೆ."

ಆರು ವಾರ. ಅವಳು ಮೂರು ವಾರದಿಂದ ಊಟದ ಮೇಜಿನಲ್ಲಿ, ಅಂಗಳದಲ್ಲಿ, ಹಾಸಿಗೆಯಲ್ಲಿ ಹಟ ಹಿಡಿದು ಕೇಳಿದ್ದು ಅಷ್ಟನ್ನೇ. ಲಾರಿಸಾ ರೆಡ್ ಡೀರ್‌ಗೆ ಫೋನ್ ಮಾಡಿ ಬೇಡವೆಂದಿದ್ದಳು. ಟೆಸ್ಸಾ ಇಲ್ಲೇ ಇರುತ್ತಾಳೆ.

ಒರೆಸ್ಟ್ ಫೋನಿಟ್ಟು ಕುರ್ಚಿಯಲ್ಲಿ ಕೂತ. ಎರಡೇ ದಿನದಲ್ಲಿ ಭುಜ ಇಳಿದುಹೋಗಿತ್ತು. ಮೇಜಿನ ಮೇಲೆ ಆ ಪಟ್ಟಿ ಇತ್ತು. ಆರನೆಯ ಸಾಲನ್ನು ಅವಳ ಕಡೆಯಿಂದ ಹೊಡೆದುಹಾಕಿ ತನ್ನ ಕಡೆ ಬರೆದುಕೊಂಡಿದ್ದ.

"ಮೂರು ತಿಂಗಳು ಅಂತ ಹೇಳಿದ್ರೂ ಆಗ್ತಿತ್ತೇನೋ," ಎಂದಳು ವರ್ನಾ, ತಿರುಗದೆ. "ರಾತ್ರಿ ಮಗು ಜತೆ ಇರೋಕೆ ಯಾರನ್ನಾದ್ರೂ ಹುಡುಕ್ಬಹುದಿತ್ತು. ಇನ್ನೊಂದ್ಸಲ ಫೋನ್ ಮಾಡು."

"ಬೇಡ."

"ನಾನೇ ಹೇಳ್ತಿದೀನಲ್ಲ."

"ಬೇಡ ಕಣೇ. ನನ್ನ ಮೇಲೆ ನಂಗೇ ನಂಬಿಕೆ ಹೋಗಿದೆ. ಆರು ವಾರಾನೂ ನಿಂಗೋಸ್ಕರ. ಇಲ್ದಿದ್ರೆ ಮಾರಿಬಿಡ್ತಿದ್ದೆ ಅದನ್ನ."

ಅವನು ಕಿಟಕಿಯಾಚೆ ಟ್ರೇಲರಿನ ಕಡೆ ನೋಡುತ್ತ ಕೂತ. ಒಂದೇ ಮಾತು ಸಾಕಿತ್ತು. ನಾನು ಒಳಗೆ ಹೋಗಿರಲಿಲ್ಲ ಒರೆಸ್ಟ್, ಮೆಟ್ಟಿಲ ಮೇಲೆ ನಿಂತು ಗುರುತು ಹಾಕಿದೆ. ಅಷ್ಟು ಹೇಳಿದರೆ ಅವನ ಭುಜ ಮತ್ತೆ ಏರುತ್ತಿತ್ತು. ಅವನು ಕಿರುಚಾಡುತ್ತಿದ್ದ, ಮತ್ತೆ ಫೋನು ಹಿಡಿಯುತ್ತಿದ್ದ, ಏಪ್ರಿಲ್‌ವರೆಗೂ ಹೋಗುತ್ತಿದ್ದ.

ಶಾಲೆಯ ಬಸ್ಸು ಗೇಟಿನ ಮುಂದೆ ನಿಂತಿತು. ಟೆಸ್ಸಾ ಚೀಲ ಹೆಗಲಿಗೇರಿಸಿ, "ಹೋಗ್ಬರ್ತೀನಿ ಅಜ್ಜಿ" ಎಂದಳು. ಎಂದವಳು ಬಾಗಿಲಲ್ಲಿ ಅರೆಗಳಿಗೆ ನಿಂತು ಅಜ್ಜಿಯ ಮುಖ ನೋಡಿದಳು.

"ಟೊಪ್ಪಿ ಕಿವಿ ಮೇಲೆ ಎಳ್ಕೋ. ಚಳಿ ಇದೆ," ಎಂದಳು ವರ್ನಾ.

ಬಸ್ಸು ಹೋಯಿತು. ಅವಳು ಹೆರೆದ ಆಲೂಗೆಡ್ಡೆಗಳನ್ನು ನೀರಿಗೆ ಹಾಕಿದಳು, ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿದಳು. ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಮೇಜು ಒರೆಸುವವಳಂತೆ ಪಟ್ಟಿಯನ್ನೆತ್ತಿ, ಮೇಣದ ಪೆನ್ಸಿಲ್ಲಿನ ತನ್ನ ಆರು ಗುರುತುಗಳನ್ನು ಒಂದೊಂದಾಗಿ ಉಜ್ಜಿ ಅಳಿಸಿದಳು. ಯಾರಿಗೂ ಹೇಳುವುದಿಲ್ಲ. ಲಾರಿಸಾಗೆ ಇಲ್ಲ, ಇವನಿಗಂತೂ ಇಲ್ಲ.

"ಕಾಫಿ ಕೊಡ್ಲಾ?" ಎಂದು ಕೇಳಿದಳು.

"ಕೊಡು," ಎಂದ ಒರೆಸ್ಟ್. "ಆ ಹೊಸ ಡಬ್ಬದ್ದು ಹಾಕು. ಎಲ್ಲಿಟ್ಟೆ ಅದನ್ನ?"

"ಟ್ರೇಲರಲ್ಲಿದೆ. ಕಪಾಟಿನೊಳಗೆ," ಎಂದು ಹೇಳಿ ವರ್ನಾ ತರಲು ಹೊರಗೆ ಹೋದಳು.